ಕರೋಕೆ ಶೋ: ಸುಮಾರು 300 ಕೆಜಿ ಸೌಂಡ್ ಸೆಟ್, ಟಾಟಾ ಏಸ್, ಇಬ್ಬರೇ ಆಳು. ಬೇಗ ಕಟ್ಟೋದು ಹೇಗೆ?

ಹಾಸನ_ಕರೋಕೆ (ಪ್ರಶ್ನೆ)

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕರೋಕೆ ಕಾರ್ಯಕ್ರಮಗಳಿಗೆ ಸೌಂಡ್ ಒಯ್ಯುವ ವಿಚಾರ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಕಲ್ಯಾಣ ಮಂಟಪ. ಜನ 150ರಿಂದ 400. ಸಾಮಾನು ಇಷ್ಟು:

15 ಇಂಚಿನ ಪವರ್ಡ್ ಟಾಪ್ 2 (ಒಳಗೇ ಆಂಪ್ ಇರುವ ಮುಖ್ಯ ಸ್ಪೀಕರ್, ತಲಾ 20 ಕೆಜಿ)
18 ಇಂಚಿನ ಪ್ಯಾಸಿವ್ ಸಬ್ 2 (ಹೊರಗಿನ ಆಂಪ್ ಬೇಕಾಗುವ ಬೇಸ್ ಸ್ಪೀಕರ್, ತಲಾ 48 ಕೆಜಿ)
ರ‍್ಯಾಕ್ 1: ಆಂಪ್, ಕ್ರಾಸೋವರ್ (ಬೇಸ್ ಬೇರ್ಪಡಿಸಿ ಸಬ್ಬಿಗೆ ಕಳಿಸೋದು), ವೈರ್‌ಲೆಸ್ ರಿಸೀವರ್ ಎಲ್ಲ ಸೇರಿ 38 ಕೆಜಿ
12 ಇಂಚಿನ ಮಾನಿಟರ್ 2 (ಗಾಯಕರ ಕಡೆ ತಿರುಗಿಸುವ ಸ್ಪೀಕರ್, ತಲಾ 15 ಕೆಜಿ)
ಕೇಬಲ್ ಟ್ರಂಕು 2 (ತಲಾ 30 ಕೆಜಿ)
ಮಿಕ್ಸರ್, ಲ್ಯಾಪ್‌ಟಾಪ್, ಸಾಹಿತ್ಯ ತೋರಿಸೋಕೆ 43 ಇಂಚಿನ ಟಿವಿ, ಸ್ಟ್ಯಾಂಡುಗಳು

ಇಬ್ಬರೇ ಇಳಿಸಿ ಕಟ್ಟೋಕೆ ಎರಡೂವರೆ ಗಂಟೆ ಹಿಡಿಯುತ್ತೆ, ಅದನ್ನು ಒಂದು ಗಂಟೆಗೆ ತಗ್ಗಿಸಬೇಕು. ಇನ್ನೆರಡು ತಕರಾರು: ಲ್ಯಾಪ್‌ಟಾಪ್ ಹಾಕಿದ ಕೂಡಲೇ ಗುಂಯ್ ಅನ್ನೋ ಹಮ್, ಕೆಲವು ಸಲ ಟ್ರ್ಯಾಕಿನ ಬೇಸ್, ಕಿಕ್ ಎರಡೂ ಮಾಯವಾಗಿ ಹಾಡು ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತೆ. ಕೇಬಲ್ ಬದಲಾಯಿಸಿದರೂ ಅಷ್ಟೇ.

---

ಗಾಡಿ_ಚಕ್ರ

ತೂಕದ ಚಿಂತೆ ಆಮೇಲೆ. ಒಂದೊಂದು ಡಬ್ಬವನ್ನು ಎಷ್ಟು ಸಲ ಎತ್ತುತ್ತೀರಿ ಅಂತ ಮೊದಲು ಎಣಿಸಿ. ಗೋದಾಮಿನಿಂದ ಗಾಡಿಗೆ, ಗಾಡಿಯಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ, ಬಾಗಿಲಿಂದ ಸ್ಟೇಜಿಗೆ. ಹೋಗ್ತಾ ನಾಲ್ಕು, ಬರ್ತಾ ನಾಲ್ಕು. ಆ 48 ಕೆಜಿಯ ಸಬ್ಬನ್ನೇ ದಿನಕ್ಕೆ ಎಂಟು ಸಲ ಎತ್ತಿದರೆ ಸೊಂಟಕ್ಕೂ ಸಮಯಕ್ಕೂ ಉಳಿಗಾಲವಿಲ್ಲ. ಉರುಳಿಸಬಹುದಾದ್ದನ್ನು ಎತ್ತಬಾರದು.

ಸಬ್‌ಗಳ ಬೆನ್ನಿಗೆ 4 ಇಂಚಿನ ರಬ್ಬರ್ ಕ್ಯಾಸ್ಟರ್ ನಾಲ್ಕು ನಾಲ್ಕು ಕೂರಿಸಿ. 2 ಇಂಚಿನ ಪ್ಲಾಸ್ಟಿಕ್ ಚಕ್ರ ಪೆಂಡಾಲಿನ ಮಣ್ಣಲ್ಲಿ ಹೂತುಕೊಳ್ಳುತ್ತೆ, ದುಡ್ಡು ದಂಡ. ಪ್ಲೈವುಡ್ಡಿಗೆ ಮರದ ಸ್ಕ್ರೂ ಹಾಕಬೇಡಿ, ಅಲುಗಾಟಕ್ಕೆ ಕಿತ್ತು ಬರುತ್ತೆ. ಬೋಲ್ಟ್, ಒಳಗಡೆ ಟೀ-ನಟ್. ಬೋಲ್ಟಿನ ತೂತಿಂದ ಗಾಳಿ ಸೋರಿದರೆ ಬೇಸ್ ಹೊಡೆದಾಗ ಸುಯ್ ಅನ್ನುತ್ತೆ, ಅದಕ್ಕೆ ಪ್ಲೇಟಿನ ಕೆಳಗೆ ತೆಳು ಫೋಮ್ ಹಚ್ಚಿ.

ಇನ್ನು ರ‍್ಯಾಂಪು. ಗಾಡಿಯ ತಳ ನೆಲದಿಂದ ಎರಡೂಕಾಲು ಅಡಿ ಇದ್ದರೆ 8 ಅಡಿಯ ಹಲಗೆಗೆ 16 ಡಿಗ್ರಿ ಇಳಿಜಾರು ಸಿಗುತ್ತೆ. ಅದರ ಮೇಲೆ 48 ಕೆಜಿಯ ಡಬ್ಬ ತಳ್ಳೋಕೆ ಬೇಕಾಗೋದು 14-15 ಕೆಜಿಯಷ್ಟು ಬಲ. 5 ಅಡಿ ಹಲಗೆ ಸಾಕು ಅಂದ್ಕೊಂಡರೆ ಅದೇ 22 ಕೆಜಿ ದಾಟುತ್ತೆ, ಚಕ್ರವೂ ಅಂಚಿಗೆ ಸಿಕ್ಕಿಕೊಳ್ಳುತ್ತೆ. ಹಲಗೆಯ ಮೇಲ್ತುದಿಗೆ ಕೊಕ್ಕೆ ಇರಲೇಬೇಕು, ಇಲ್ಲಾಂದ್ರೆ ತಳ್ಳುವಾಗ ಅದು ಹಿಂದಕ್ಕೆ ಜಾರುತ್ತೆ. ಇಳಿಸುವಾಗ ಡಬ್ಬದ ಕೆಳಗಿನ ದಿಕ್ಕಿಗೆ ಯಾರೂ ನಿಲ್ಲಬಾರದು. ಮೇಲಿನಿಂದ ಸ್ಟ್ರಾಪ್ ಹಿಡಿದು ಬಿಡುತ್ತಾ ಬನ್ನಿ.

ಏಸ್‌ನ ತೊಟ್ಟಿ 2200 ಮಿ.ಮೀ ಉದ್ದ, 1490 ಮಿ.ಮೀ ಅಗಲ. ಸಬ್ ಒಂದೊಂದು 60 ಸೆ.ಮೀ ಅಗಲ ಅಂದ್ಕೊಳ್ಳಿ. ಎರಡನ್ನೂ ಕ್ಯಾಬಿನ್ ಗೋಡೆಗೆ ಒತ್ತಿ ಅಕ್ಕಪಕ್ಕ ನೆಟ್ಟಗೆ ನಿಲ್ಲಿಸಿದರೆ 120 ಹೋಯ್ತು, ಪಕ್ಕದಲ್ಲಿ ಉಳಿದ 29 ಸೆ.ಮೀ ಸಂದು ಟ್ರೈಪಾಡ್ ಚೀಲಕ್ಕೆಂದೇ ಮಾಡಿದ ಹಾಗಿದೆ. ನೆಟ್ಟಗೆ ನಿಂತಾಗ ಬೆನ್ನಿನ ಚಕ್ರ ನೆಲಕ್ಕೆ ತಾಗೋದಿಲ್ಲ, ಉರುಳೋ ಭಯವೂ ಇಲ್ಲ. ಸಬ್ಬಿನ ಚಪ್ಪಟೆ ಮೈಗೆ ಟಿವಿ, ಅದರ ಪೆಟ್ಟಿಗೆಯಲ್ಲೇ, ನಿಲ್ಲಿಸಿ. ಮಲಗಿಸಿದ ಟಿವಿ ಒಂದೇ ಗುಂಡಿಗೆ ಬಿರುಕು ಬಿಡುತ್ತೆ. ಮುಂದೆ ರ‍್ಯಾಕ್, ಆಮೇಲೆ ಟಾಪ್ ಎರಡು ಗ್ರಿಲ್ಲಿಗೆ ಗ್ರಿಲ್ಲು ಮುಖಾಮುಖಿ, ನಡುವೆ ಫೋಮ್. ಮಾನಿಟರ್ ಮೇಲೆ. ಬಾಗಿಲ ಬಳಿ ಕೊನೆಗೆ ಕೇಬಲ್ ಟ್ರಂಕು, ಯಾಕಂದ್ರೆ ಇಳಿದಾಗ ಮೊದಲು ಬೇಕಾಗೋದು ಕರೆಂಟಿನ ಸಾಮಾನು. ಮಿಕ್ಸರ್, ಮೈಕು, ಲ್ಯಾಪ್‌ಟಾಪ್ ಕ್ಯಾಬಿನ್ನಲ್ಲಿ ನಿಮ್ಮ ಜೊತೆ.

ನೈಲಾನ್ ಹಗ್ಗ ಎಳೆದು ಕಟ್ಟಿದರೂ ಹಿಗ್ಗುತ್ತೆ. 50 ಮಿ.ಮೀ ರ‍್ಯಾಚೆಟ್ ಸ್ಟ್ರಾಪ್ ಎರಡು ತಗೊಳ್ಳಿ. ಒಂದು ಸಬ್ ಸಾಲಿಗೆ, ಇನ್ನೊಂದು ಟಾಪ್ ಸಾಲಿಗೆ. ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ಮಾಡಿ, ಸಾಮಾನು ಕೂತುಕೊಂಡು ಸ್ಟ್ರಾಪ್ ಸಡಿಲಾಗಿರುತ್ತೆ. ಶಿರಾಡಿ ಕಡೆ ಇಳಿಯೋದಿದ್ದರೆ ತಿರುವು ಶುರುವಾಗೋ ಮೊದಲೇ ಇದನ್ನ ಮುಗಿಸಿ.

---

ಫೇಸ್_ನ್ಯೂಟ್ರಲ್

ಮೇಲಿನವರು ಹೇಳಿದ ಕೇಬಲ್ ಟ್ರಂಕು ಮೊದಲು ಇಳಿಯಲಿ ಅನ್ನೋದಕ್ಕೆ ನನ್ನದೂ ಓಟು. ಒಬ್ಬರು ಡಬ್ಬ ಉರುಳಿಸುತ್ತಿರಲಿ, ಇನ್ನೊಬ್ಬರು ಮಲ್ಟಿಮೀಟರ್ ಹಿಡಿದು ಬೋರ್ಡಿನ ಹತ್ತಿರ ಹೋಗಲಿ. ಪೆಂಡಾಲಿನಲ್ಲಿ ಆಂಪ್ ಸುಡೋದು ಜೋರಾಗಿ ಹಾಡಿಸಿದ್ದಕ್ಕಲ್ಲ, ಹೆಚ್ಚಿನ ಸಲ ನ್ಯೂಟ್ರಲ್‌ನಿಂದ.

ಮೂರು ಅಳತೆ: ಫೇಸ್-ನ್ಯೂಟ್ರಲ್ 220ರಿಂದ 240, ಫೇಸ್-ಅರ್ತ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್-ಅರ್ತ್ 2-3 ವೋಲ್ಟ್ ಒಳಗೆ. ಫೇಸ್-ಅರ್ತ್ ಸೊನ್ನೆಯೋ 60-70ರ ಹತ್ತಿರವೋ ಬಂದರೆ ಸಾಕೆಟ್ಟಿನಲ್ಲಿ ಅರ್ತ್ ಇಲ್ಲವೇ ಇಲ್ಲ ಅಂತ ಅರ್ಥ.

ಬಹಳ ಜನ ತಪ್ಪೋದು ಇಲ್ಲಿ. ಮಧ್ಯಾಹ್ನ ಅಳೆದು ಸರಿ ಇದೆ ಅಂತ ಹೊರಡ್ತಾರೆ. ಸೀರಿಯಲ್ ಸೆಟ್ಟು, ಫೋಕಸ್ ಲೈಟು ಎಲ್ಲಾ ಹಾಕಿಸಿ ಅಳೆಯಿರಿ. ಸಡಿಲ ನ್ಯೂಟ್ರಲ್ ಲೋಡ್ ಬೀಳೋ ತನಕ ಬಾಲ ಬಿಚ್ಚಲ್ಲ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಳಚಿತು ಅಂದ್ರೆ ಎರಡು ಫೇಸ್ ನಡುವಿನ 415 ವೋಲ್ಟನ್ನು ಎರಡು ಕಡೆಯ ಲೋಡುಗಳು ಹಂಚಿಕೊಳ್ಳುತ್ತವೆ, ಕಮ್ಮಿ ಲೋಡ್ ಇರೋ ಕಡೆಗೆ ಹೆಚ್ಚು ವೋಲ್ಟೇಜ್ ಬೀಳುತ್ತೆ. ಒಂದು ಕಡೆ ಬಲ್ಬ್ ಮಂಕಾಗಿ ಇನ್ನೊಂದು ಕಡೆ ಫಳ್ ಅಂತ ಉರಿದರೆ ಅದೇ ಲಕ್ಷಣ, ಕೂಡಲೇ ಮೇನ್ ತೆಗೀರಿ. ನಿಮ್ಮ ಡಿಸ್ಟ್ರಿಬ್ಯೂಷನ್ ಬಾಕ್ಸಿಗೆ ಓವರ್-ಅಂಡರ್ ವೋಲ್ಟೇಜ್ ಕಟಾಫ್ (180-260) ಮತ್ತು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಎರಡನೆಯದು ಸಾಮಾನಿಗಲ್ಲ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ವೈರ್ಡ್ ಮೈಕ್ ಹಿಡಿಯೋ ಗಾಯಕರಿಗೆ.

ಎಕ್ಸ್‌ಟೆನ್ಷನ್ 2.5 ಚದರ ಮಿ.ಮೀ, ಮೂರು ಕೋರ್, ತಾಮ್ರ. 30 ಮೀಟರ್ ಎಳೆದು 10 ಆಂಪಿಯರ್ ಹರಿದರೆ ಅದರಲ್ಲಿ ನಾಲ್ಕೂವರೆ ವೋಲ್ಟ್ ಇಳಿಯುತ್ತೆ, ಅದೇ 1 ಚದರದ ವೈರಲ್ಲಿ ಹನ್ನೊಂದು. ಮಿಕ್ಕಿದ ವೈರನ್ನು ಡ್ರಮ್ಮಿನಲ್ಲೇ ಸುತ್ತಿ ಬಿಟ್ಟರೆ ಕಾವು ಹೊರಹೋಗಲ್ಲ, ಒಳಗಿನ ಸುತ್ತು ಕರಗುತ್ತೆ. ಪೂರ್ತಿ ಬಿಚ್ಚಿ ಎಂಟರ ಆಕಾರದಲ್ಲಿ ಹಾಸಿ.

ಹಮ್ ವಿಷಯ: ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದ್ರೆ ಎರಡು ದಾರಿಯ ಅರ್ತ್ ಸೇರಿ ಆಗೋ ಸುತ್ತು. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಎರಡು ಚಾನೆಲ್ ಪ್ಯಾಸಿವ್ ಡಿಐ ಬಾಕ್ಸ್ (ಎರಡರ ವಿದ್ಯುತ್ ಸಂಪರ್ಕ ಬೇರ್ಪಡಿಸಿ ಸದ್ದು ಮಾತ್ರ ದಾಟಿಸುವ ಡಬ್ಬಿ) ಹಾಕಿ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸೋರಿದ್ದಾರೆ. ದಯವಿಟ್ಟು ಆ ಸಾಲಿಗೆ ಸೇರಬೇಡಿ.

---

ಟ್ರ್ಯಾಕ್_ಮೈಕ್

ಕಿಕ್ ಮಾಯವಾಗೋದು ಕೇಬಲ್ ಕೆಟ್ಟಿದ್ದಕ್ಕಲ್ಲ, ಕೇಬಲ್ ಜಾತಿಯೇ ತಪ್ಪು. ಲ್ಯಾಪ್‌ಟಾಪಿನ 3.5 ಮಿ.ಮೀ ಸ್ಟೀರಿಯೋದಿಂದ ಒಂದೇ ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ಗೋ ಒಂದೇ ಕಾಲು ಇಂಚಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೋ ಹೋಗ್ತಿದ್ದೀರಿ. ಎಡ ಚಾನೆಲ್ 2ನೇ ಪಿನ್ನಿಗೆ, ಬಲ 3ನೇ ಪಿನ್ನಿಗೆ ಬೀಳುತ್ತೆ. ಮಿಕ್ಸರ್ ಮಾಡೋದು ಒಂದರಿಂದ ಇನ್ನೊಂದನ್ನು ಕಳೆಯೋದು. ಎರಡೂ ಕಡೆ ಒಂದೇ ಸಮ ಇರೋದೆಲ್ಲ, ಅಂದ್ರೆ ನಡುವಿನ ಕಿಕ್, ಬೇಸ್, ಸೊನ್ನೆ. ಉಳಿಯೋದು ಬದಿಯ ಎಕೋ, ಸ್ಟ್ರಿಂಗ್ಸ್. ಅದೇ ನಿಮ್ಮ ಡಬ್ಬಿ ಸದ್ದು. ಬದಲಾಯಿಸಿದ ಕೇಬಲ್ಲೂ ಅದೇ ಜಾತಿದಾದರೆ ಏನು ಉಪಯೋಗ? 3.5 ಸ್ಟೀರಿಯೋದಿಂದ ಎರಡು ಕಾಲು ಇಂಚಿನ ಮೋನೋಗೆ ಒಡೆಯೋ ಕೇಬಲ್ ತಗೊಂಡು ಎರಡು ಚಾನೆಲ್‌ಗೆ ಡಿಐ ಮೂಲಕ ಹೋಗಿ. ಒಂದೇ ಏಟಿಗೆ ಎರಡೂ ತಕರಾರು ಮುಗೀತು.

ಜನ ಬೀಳೋ ಇನ್ನೊಂದು ಗುಂಡಿ: ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ವಿಂಡೋಸ್ ಆಡಿಯೋವನ್ನೂ ಟಿವಿಗೇ ಕಳಿಸಿಬಿಡುತ್ತೆ. ಮಿಕ್ಸರಿನಲ್ಲಿ ಸದ್ದಿಲ್ಲ ಅಂತ ಎಲ್ಲಾ ಕೇಬಲ್ ಕಿತ್ತು ಹುಡುಕೋದು ಇದಕ್ಕೇ. ಎಚ್‌ಡಿಎಂಐ ಮೊದಲು ಹಾಕಿ, ಆಮೇಲೆ ಸೌಂಡ್ ಔಟ್‌ಪುಟ್ ಕೈಯಾರೆ ಆರಿಸಿ. ಡಿಸ್‌ಪ್ಲೇ ಎಕ್ಸ್‌ಟೆಂಡ್ ಮಾಡಿ, ಡೂಪ್ಲಿಕೇಟ್ ಬೇಡ. ನೀವು ಮುಂದಿನ ಹಾಡು ಹುಡುಕೋದು ಜನಕ್ಕೆ ಕಾಣಬಾರದು. 10 ಮೀಟರ್ ದಾಟಿದರೆ ಸಾದಾ ಎಚ್‌ಡಿಎಂಐ ಕಣ್ಣಾಮುಚ್ಚಾಲೆ ಆಡುತ್ತೆ, ಕ್ಯಾಟ್6 ಎಕ್ಸ್‌ಟೆಂಡರ್ ಇಟ್ಟುಕೊಳ್ಳಿ. ಟಿವಿಯನ್ನು ಗೇಮ್ ಮೋಡಿಗೆ ಹಾಕದಿದ್ದರೆ ಸಾಹಿತ್ಯದ ಬಣ್ಣ ಓಡೋದು ತಾಳಕ್ಕಿಂತ ಹಿಂದೆ ಬೀಳುತ್ತೆ, ಹೊಸಬರು ಪ್ರತಿ ಸಾಲನ್ನೂ ತಡವಾಗಿ ಎತ್ತಿಕೊಳ್ತಾರೆ. ಟ್ರ್ಯಾಕ್ ಎಲ್ಲಾ ಡೌನ್‌ಲೋಡ್ ಆಗಿರಲಿ. ಮಲೆನಾಡಿನ ನೆಟ್ ನಂಬಿಕೊಂಡು ಪಲ್ಲವಿ ಶುರು ಮಾಡಿದರೆ ಚರಣ ಬರೋದು ದೇವರಿಚ್ಛೆ.

ಸ್ಪೀಕರ್ ಜಾಗ: ಟಾಪ್ ಎರಡೂ ಮೈಕಿನ ಗೆರೆಗಿಂತ ಒಂದೂವರೆ ಮೀಟರ್ ಮುಂದೆ, ಹಾರ್ನ್ ಕೂತವರ ತಲೆಗಿಂತ ಎತ್ತರ, ನೆಲದಿಂದ 2 ಮೀಟರ್ ಹತ್ತಿರ. ಸಬ್ ಎರಡನ್ನೂ ಸ್ಟೇಜಿನ ಕೆಳಗೆ, ನೆಲದ ಮೇಲೆ, ನಡುವೆ ಒಟ್ಟಿಗೆ. ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಸಭೆಯ ನಡುವಿನ ಓಣಿಯಲ್ಲಿ ಮಾತ್ರ ಬೇಸ್ ಗುಮ್ಮುತ್ತೆ, ಬದಿಯವರಿಗೆ ಅಲ್ಲಲ್ಲಿ ಇರೋದೇ ಇಲ್ಲ. ಮಿಕ್ಸರಿನಲ್ಲಿ ಒಂದು ಆಕ್ಸ್ (ಬೇಕಾದ ಚಾನೆಲ್ ಮಾತ್ರ ಕಳಿಸೋ ಔಟ್‌ಪುಟ್) ಬಿಡುವಿದ್ದರೆ ಸಬ್ಬಿಗೆ ಟ್ರ್ಯಾಕ್ ಮಾತ್ರ ಕಳಿಸಿ, ಮೈಕ್ ಕಳಿಸಬೇಡಿ. ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದರೆ ಢಂ ಅನ್ನೋದು ಅಲ್ಲಿಗೆ ನಿಲ್ಲುತ್ತೆ. ಎಲ್ಲ ಮೈಕಿಗೂ 100 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದು ಕಡಿಯೋದು).

ಮಾನಿಟರ್ ಇಡೋದು ಮೈಕ್ ನೋಡಿಕೊಂಡು. ಕಾರ್ಡಿಯಾಯ್ಡ್ (ಮುಂದಿನ ಸದ್ದು ಹಿಡಿದು ಬಾಲದ ಕಡೆಯದು ಬಿಡುವ ಮೈಕ್) ಆದರೆ ಗಾಯಕರ ನೇರ ಮುಂದೆ, ಮೈಕಿನ ಬಾಲದ ಕಡೆ. ಸೂಪರ್‌ಕಾರ್ಡಿಯಾಯ್ಡ್ ಬಾಲದ ನೇರಕ್ಕೂ ಸ್ವಲ್ಪ ಕೇಳಿಸಿಕೊಳ್ಳುತ್ತೆ, ಅದಕ್ಕೆ ಎರಡು ಮಾನಿಟರ್ ಎಡಬಲಕ್ಕೆ ಓರೆಯಾಗಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡೋರಿಗೆ ಎರಡೂ ಒಂದೇ. ಕೈ ಮುಚ್ಚಿದರೆ ಮೈಕ್ ಎಲ್ಲಾ ದಿಕ್ಕಿಗೂ ಕಿವಿ ತೆರೆಯುತ್ತೆ, ಕುಯ್ ಅನ್ನುತ್ತೆ. ಹಾಡೋ ಮೊದಲು ಹೇಳಿಬಿಡಿ, ಬೇಜಾರು ಮಾಡ್ಕೊಂಡರೂ ಪರವಾಗಿಲ್ಲ.

---

ಸಣ್ಣ_ಸೆಟ್

ಎಲ್ಲರೂ ಸಬ್ ಹೊರೋದು ಹೇಗೆ ಅಂತ ಹೇಳ್ತಿದ್ದೀರಿ. ಯಾಕೆ ಹೊರಬೇಕು? 150-200 ಜನರ ಮಂಟಪದಲ್ಲಿ 15 ಇಂಚಿನ ಟಾಪ್ ಎರಡೇ ಸಾಕು. ಕರೋಕೆಯಲ್ಲಿ ಜನ ಕೇಳೋದು ದನಿ. ಸಬ್ 96, ರ‍್ಯಾಕ್ 38, ಒಟ್ಟು 134 ಕೆಜಿ ಮನೆಯಲ್ಲೇ ಉಳಿಯಿತು. ರಿಸೀವರ್ ಮಾತ್ರ ಸಣ್ಣ ಕೇಸಿಗೆ ಹಾಕಿ. ಮೊದಲನೇ ಮಹಡಿಯ ಹಾಲ್ ಅಂದ್ರೆ ಅಂತೂ ಯೋಚನೆಯೇ ಬೇಡ. ಬಯಲು ಪೆಂಡಾಲು, 300 ದಾಟಿದ ಜನ ಇದ್ದಾಗ ಮಾತ್ರ ಸಬ್ ಗಾಡಿ ಹತ್ತಲಿ.

---

ಹಾಸನ_ಕರೋಕೆ

ಕೇಬಲ್ ನೋಡಿದೆ, 3.5ರಿಂದ ಒಂದೇ ಎಕ್ಸ್‌ಎಲ್‌ಆರ್. ಹೇಳಿದ್ದು ಅಕ್ಷರಶಃ ಸರಿ. ಇನ್ನೆರಡು: ಸಬ್ ಮಹಡಿಗೆ ಒಯ್ಯಲೇಬೇಕು ಅಂದಾಗ? ಮಳೆ ಬಂದಾಗ?

---

ಗಾಡಿ_ಚಕ್ರ

ಮೂರು ಮೂರು ಚಕ್ರದ ಮೆಟ್ಟಿಲು ಟ್ರಾಲಿ ಸಿಗುತ್ತೆ, ಡಬ್ಬವನ್ನು ಅದಕ್ಕೆ ಸ್ಟ್ರಾಪ್ ಹಾಕಿ ಬಿಗಿದು ಒಬ್ಬರು ಮೇಲಿಂದ ಹಿಂದಕ್ಕೆ ನಡೀತಾ ಎಳೀರಿ, ಇನ್ನೊಬ್ಬರು ಬದಿಯಿಂದ ಹಿಡಿದು ದಾರಿ ಹೇಳಲಿ. ಟ್ರಾಲಿ ಇಲ್ಲದೆ ಇಬ್ಬರೇ ಎತ್ತಿದರೆ ಭಾರದ ದೊಡ್ಡ ಪಾಲು ಕೆಳಗಿನವರ ಮೇಲೆ ಬೀಳುತ್ತೆ. ಕೈ ಜಾರಿದರೆ ಡಬ್ಬ ಬರೋದೂ ಅವರ ಮೇಲೇ. ಬುಕಿಂಗ್ ತಗೊಳ್ಳುವಾಗಲೇ ಮೆಟ್ಟಿಲಿನ ಫೋಟೋ ತರಿಸಿಕೊಳ್ಳಿ, ತಿರುವಿನ ಚೌಕ ಡಬ್ಬಕ್ಕೆ ಸಾಲದಿದ್ದರೆ ಸಬ್ ಇಲ್ಲ ಅಂತ ಅಲ್ಲೇ ಹೇಳಿ.

ಮಳೆಗೆ ಟಾರ್ಪಾಲು ಮೇಲಿಂದ ಹೊದಿಸೋದು ಎಲ್ಲರೂ ಮಾಡ್ತಾರೆ. ನೀರು ಬರೋದು ಕೆಳಗಿಂದ, ಹಿಂಬಾಗಿಲ ಸಂದಿನಿಂದ. ತೊಟ್ಟಿಯ ಮೇಲೆ ಒಂದು ಇಂಚಿನ ಮರದ ಪಟ್ಟಿ, ಅದರ ಮೇಲೆ ರಬ್ಬರ್ ಮ್ಯಾಟು, ಆಮೇಲೆ ಡಬ್ಬ. ತಂಪಾದ ಗಾಡಿಯಿಂದ ಜನ ತುಂಬಿದ ಬೆಚ್ಚನೆ ಹಾಲಿಗೆ ತಂದ ಆಂಪಿನ ಒಳಗೆ ಬೆವರು ಕಟ್ಟುತ್ತೆ, ಅರ್ಧ ಗಂಟೆ ರ‍್ಯಾಕಿನ ಮುಚ್ಚಳ ತೆಗೆದಿಟ್ಟು ಆಮೇಲೆ ಸ್ವಿಚ್ ಹಾಕಿ.

---

ಟ್ರ್ಯಾಕ್_ಮೈಕ್

ಬಿಚ್ಚೋದರ ಬಗ್ಗೆಯೂ. ಹಾಕುವಾಗ ಮಿಕ್ಸರ್ ಮೊದಲು, ಆಂಪ್ ಮತ್ತು ಪವರ್ಡ್ ಸ್ಪೀಕರ್ ಕೊನೆಗೆ; ಆರಿಸುವಾಗ ಸ್ಪೀಕರ್ ಮೊದಲು. ತಿರುಗುಮುರುಗಾದರೆ ಢಬ್ ಅನ್ನೋ ಏಟು ಹಾರ್ನಿನ ಡಯಾಫ್ರಾಮಿಗೆ. ಕೇಬಲ್ ಮೊಣಕೈಗೆ ಸುತ್ತಬೇಡಿ, ಒಂದು ಸುತ್ತು ಮೇಲಿಂದ ಒಂದು ಸುತ್ತು ಒಳಗಿಂದ ಸುತ್ತಿದರೆ ಮುಂದಿನ ಸಲ ಎಸೆದಾಗ ಗಂಟಿಲ್ಲದೆ ಬಿಚ್ಚಿಕೊಳ್ಳುತ್ತೆ. ಒಂದೊಂದು ಟಾಪಿಗೂ ಪವರ್ ಮತ್ತು ಎಕ್ಸ್‌ಎಲ್‌ಆರ್ ಎರಡನ್ನೂ 15 ಮೀಟರ್ ಉದ್ದ ಒಟ್ಟಿಗೆ ಟೇಪ್ ಮಾಡಿಟ್ಟುಕೊಳ್ಳಿ, ಎಡಕ್ಕೆ ಕೆಂಪು ಟೇಪು, ಬಲಕ್ಕೆ ನೀಲಿ. ಈ ಒಂದರಿಂದಲೇ ಕಾಲು ಗಂಟೆ ಉಳಿಯುತ್ತೆ. ವೈರ್‌ಲೆಸ್ ಮೈಕಿನಿಂದ ಸೆಲ್ ತೆಗೆದಿಡಿ, ಸೋರಿದರೆ ಕಾಂಟ್ಯಾಕ್ಟ್ ತಿಂದುಹಾಕುತ್ತೆ.

---

ಫೇಸ್_ನ್ಯೂಟ್ರಲ್

ಧ್ವನಿವರ್ಧಕದ ಅನುಮತಿ ಪತ್ರ ಆಯೋಜಕರಿಂದ ಮೊದಲೇ ಇಸ್ಕೊಂಡು ಒಂದು ಪ್ರತಿ ಗಾಡಿಯಲ್ಲಿಡಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮೈಕ್ ಇಲ್ಲ. ಕೊನೇ ಹಾಡು 9.45ಕ್ಕೆ ಅಂತ ಪಟ್ಟಿಯಲ್ಲೇ ಬರೆದಿಡಿ. ಹತ್ತಕ್ಕೆ ಪೆಂಡಾಲಿನವರು ಲೈಟ್ ಬಿಚ್ಚೋಕೆ ಶುರು ಮಾಡ್ತಾರೆ, ಕತ್ತಲಲ್ಲಿ ಕೇಬಲ್ ಸುತ್ತೋಕೆ ತಲೆಗೆ ಕಟ್ಟುವ ಟಾರ್ಚ್ ಎರಡು ಟ್ರಂಕಿನಲ್ಲಿರಲಿ.