ನೆತ್ತಿಗೂ ಚರ್ಮಕ್ಕೂ ಬೀಜದ ಎಣ್ಣೆ: ಬಳಸಿದವರ ಅನುಭವ

ಪ್ರಶ್ನೆ: ನೆತ್ತಿಯಲ್ಲಿ ತುರಿಕೆ, ಹೊಟ್ಟು ಎರಡೂ ಇವೆ, ಮೊಣಕಾಲಿನಿಂದ ಕೆಳಗೆ ಚರ್ಮ ಒಣಗಿ ಬಿರಿಯುತ್ತಿದೆ. ಮನೆಯ ಹಿರಿಯರು ಬೇವಿನೆಣ್ಣೆ ಮತ್ತು ಹರಳೆಣ್ಣೆ ಹಚ್ಚಲು ಹೇಳುತ್ತಿದ್ದಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಎರಡಕ್ಕೂ ಒಂದೇ ಎಣ್ಣೆ ಸಾಕೆಂದು ಭಾವಿಸಬೇಡಿ. ಕಾಲಿನದು ಒಣಚರ್ಮವಿರಬಹುದು, ಆದರೆ ತಲೆಹೊಟ್ಟು ಹೆಚ್ಚಿನವರಲ್ಲಿ ಒಣಗಿದ್ದರಿಂದ ಬರುವುದಲ್ಲ. ನೆತ್ತಿಯ ಮೇಲೆ ಸಹಜವಾಗಿಯೇ ಇರುವ ಮಲಸೀಜಿಯ ಎಂಬ ಶಿಲೀಂಧ್ರಕ್ಕೆ ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲಗಳೇ ಆಹಾರವಾದ್ದರಿಂದ, ರಾತ್ರಿಯಿಡೀ ಎಣ್ಣೆ ನೆನೆಸಿಟ್ಟರೆ ಹೊಟ್ಟು ಕೂದಲಿಗೆ ಅಂಟಿಕೊಂಡು ಕಡಿಮೆಯಾದಂತೆ ಕಾಣುತ್ತದೆಯೇ ಹೊರತು, ತಲೆ ಒಣಗಿದೊಡನೆ ಬಾಚಣಿಗೆಯ ಹಲ್ಲುಗಳ ನಡುವೆ ಮತ್ತೆ ಸಿಗುತ್ತದೆ. ನನಗೆ ಒದಗಿದ ಕ್ರಮವೆಂದರೆ, ಒಂದು ಚಮಚ ಬೇವಿನೆಣ್ಣೆಗೆ ಒಂಬತ್ತು ಚಮಚ ಎಳ್ಳೆಣ್ಣೆ ಬೆರೆಸಿ, ಬೈತಲೆ ತೆಗೆಯುತ್ತಾ ನೆತ್ತಿಗೆ ಮಾತ್ರ ತೆಳುವಾಗಿ ಸವರಿ, ಅರ್ಧ ಗಂಟೆಯೊಳಗೆ ತೊಳೆದುಬಿಡುವುದು. ಇದರಿಂದ ತುರಿಕೆ ತಗ್ಗಿತು. ಹೊಟ್ಟು ನಿಯಂತ್ರಣಕ್ಕೆ ಬಂದದ್ದು ಮಾತ್ರ ವೈದ್ಯರು ಬರೆದುಕೊಟ್ಟ ಕೀಟೋಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧವಿರುವ ಶಾಂಪೂವಿನಿಂದಲೇ. ಅದರ ನೊರೆಯನ್ನು 3ರಿಂದ 5 ನಿಮಿಷ ನೆತ್ತಿಯ ಮೇಲೆ ಬಿಡಬೇಕು. ಬೇವಿನೆಣ್ಣೆ ಚಳಿಗೆ ಹೆಪ್ಪುಗಟ್ಟಿದರೆ ಕೆಟ್ಟಿತೆಂದು ಚೆಲ್ಲಬೇಡಿ, ಶೀಶೆಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ.

ಎರಡನೆಯ ಉತ್ತರ: ಹರಳೆಣ್ಣೆಯ ಬಗ್ಗೆ ಹೇಳುತ್ತೇನೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 85–90ರಷ್ಟು ರಿಸಿನೋಲಿಕ್ ಆಮ್ಲವೇ ಇರುವುದರಿಂದ ಅದು ಬಹಳ ಮಂದ. ಸ್ನಾನದ ನಂತರ ಕಾಲು ಇನ್ನೂ ತೇವವಾಗಿರುವಾಗ ಎರಡು ಹನಿಯನ್ನು ಅಂಗೈಯಲ್ಲಿ ತಿಕ್ಕಿ ಸವರಿದರೆ ನೀರಿನಂಶ ಚರ್ಮದಲ್ಲೇ ಉಳಿಯುತ್ತದೆ. ತೇವವಿಲ್ಲದ ಚರ್ಮದ ಮೇಲೆ ಬಳಿದರೆ ಬಟ್ಟೆಗೆ ಅಂಟುವುದಷ್ಟೇ. ಉದ್ದ ಕೂದಲಿಗೆ ಅದೊಂದನ್ನೇ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಹಚ್ಚಿ ತೊಳೆದಾಗ ಕೂದಲು ಬಿಡಿಸಲಾಗದಂತೆ ಜಡೆಗಟ್ಟಿ, ಕತ್ತರಿಸಬೇಕಾಗಿ ಬಂದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಹರಳೆಣ್ಣೆಯಿಂದ ಕೂದಲು ದಟ್ಟವಾಗಿ ಬೆಳೆಯುತ್ತದೆಂಬ ಮಾತಿಗೂ ಗಟ್ಟಿ ಆಧಾರವಿಲ್ಲ.

ಮೂರನೆಯ ಉತ್ತರ: ಮನೆಯಲ್ಲಿ ಮಕ್ಕಳಿದ್ದರೆ ಬೇವಿನೆಣ್ಣೆಯನ್ನು ಅವರ ಕೈಗೆಟುಕದಂತೆ ಇಡಿ. ಹೊಟ್ಟೆಗೆ ಹೋದಾಗ ಶಿಶುಗಳಲ್ಲಿ ವಾಂತಿ, ಅಪಸ್ಮಾರದಂತಹ ಸೆಳೆತ ಮತ್ತು ಮಿದುಳಿಗೆ ಅಪಾಯ ಉಂಟಾದ ವರದಿಗಳಿವೆ. ಎಸ್ಜಿಮಾ (ಇಸುಬು) ಇರುವ ಚರ್ಮಕ್ಕೆ ಸಾಸಿವೆ ಎಣ್ಣೆಯೂ ಬೇಡ, ಅದು ಉರಿ ತರಿಸುತ್ತದೆ. ಲಿನೋಲಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಹೆಚ್ಚು ಸೌಮ್ಯ. ಯಾವುದೇ ಎಣ್ಣೆಯಾದರೂ ಮೊದಲು ಮೊಣಕೈಯ ಒಳಮಡಿಕೆಗೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ, ಏಕೆಂದರೆ ಅಲರ್ಜಿ ಕೆಲವೊಮ್ಮೆ ತಡವಾಗಿ ತೋರುತ್ತದೆ. ಕಮಟು ವಾಸನೆ ಬಂದ ಹಳೆಯ ಎಣ್ಣೆಯನ್ನು ಮೈಗೆ ಮುಟ್ಟಿಸಬೇಡಿ. ಹುಬ್ಬು ಮತ್ತು ಮೂಗಿನ ಪಕ್ಕದಲ್ಲೂ ಕೆಂಪಾಗಿ ಪೊರೆ ಏಳುತ್ತಿದ್ದರೆ, ಇಲ್ಲವೇ ನೆತ್ತಿಯಲ್ಲಿ ಕೀವು ಕಂಡರೆ, ಎಣ್ಣೆ ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ.