ಸಾಫ್ಟ್‌ವೇರ್ ಕ್ರ್ಯಾಕ್ ಆಗಿದೆ, ಲೈಸೆನ್ಸ್ ಇನ್ನೂ ಬಿಗಿ ಮಾಡಬೇಕಾ?

ಲೇಬಲ್‌ಗಾರ:

ನಾನೊಬ್ಬನೇ ಕೂತು ಬರೆದ ವಿಂಡೋಸ್ ಸಾಫ್ಟ್‌ವೇರ್ ಒಂದಿದೆ. ಬಾರ್‌ಕೋಡ್ ಲೇಬಲ್ ಡಿಸೈನ್ ಮಾಡಿ ಪ್ರಿಂಟ್ ತೆಗೆಯುವುದು, ಅಷ್ಟೇ ಕೆಲಸ. ಗೋದಾಮು, ಪ್ಯಾಕಿಂಗ್ ಕಡೆಯವರು ಜಾಸ್ತಿ ಬಳಸುತ್ತಾರೆ. ಮೊನ್ನೆ ಅದರ ಕ್ರ್ಯಾಕ್, ಅಂದರೆ ಲೈಸೆನ್ಸ್ ಬೀಗ ಮುರಿದ ಪ್ರತಿ, ಒಂದು ಸೈಟ್‌ನಲ್ಲಿ ಕಣ್ಣಿಗೆ ಬಿತ್ತು. ಹೊಟ್ಟೆ ಉರಿಯಿತು. ಸುಮ್ನೆ ಅಲ್ಲ, ಬೇಕಾದಷ್ಟು ಸೀರಿಯಲ್ ನಂಬರ್ ಹುಟ್ಟಿಸುವ ಕೀಜೆನ್ ಬೇರೆ ಕೊಟ್ಟಿದ್ದಾರೆ ಪುಣ್ಯಾತ್ಮರು.

ಮುಂದಿನ ಆವೃತ್ತಿಯಲ್ಲಿ ಹೀಗೆ ಮಾಡೋಣ ಅಂತಿದ್ದೇನೆ. ತೆರೆದಾಗಲೆಲ್ಲ ನನ್ನ ಸರ್ವರ್‌ಗೆ ಹೋಗಿ ಲೈಸೆನ್ಸ್ ನೋಡಿಕೊಂಡು ಬರಬೇಕು. ಲೈಸೆನ್ಸ್ ಕೀಯನ್ನು ಆ ಕಂಪ್ಯೂಟರ್‌ನ ಮ್ಯಾಕ್ ಅಡ್ರೆಸ್‌ಗೆ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಕಟ್ಟಿಹಾಕಬೇಕು. ಪ್ರೋಗ್ರಾಂನ ಇಎಕ್ಸ್‌ಇ ಫೈಲ್‌ಗೆ, ಒಳಗಿನ ಕೋಡ್ ಯಾರಿಗೂ ಸುಲಭವಾಗಿ ಓದಲು ಬಾರದ ಹಾಗೆ, ಒಂದು ಪ್ರೊಟೆಕ್ಟರ್ ಹೊದಿಸಬೇಕು. ಆದರೆ ದುಡ್ಡು ಕೊಟ್ಟವರಿಗೆ ಕಿರಿಕಿರಿ ಆಗಬಾರದು. ಅನುಭವ ಇರುವವರು ಹೇಳಿ.

ಸಪೋರ್ಟ್ ಫೋನ್:

ಲೈಸೆನ್ಸ್ ಕೋಡ್ ಬರೆಯುವುದೂ ನಾನೇ, ಅದು ಕೈಕೊಟ್ಟಾಗ ಫೋನ್ ಎತ್ತುವುದೂ ನಾನೇ. ಹಾಗಾಗಿ ನೇರವಾಗಿ ಹೇಳುತ್ತೇನೆ: ಮೂರರಲ್ಲಿ ಒಂದೂ ಬೇಡ.

ಮ್ಯಾಕ್ ಅಡ್ರೆಸ್ ನಂಬಿಕೊಳ್ಳುವ ವಸ್ತುವೇ ಅಲ್ಲ. ಲ್ಯಾಪ್‌ಟಾಪನ್ನು ಡಾಕ್‌ನಿಂದ (ಮೇಜಿನ ಮೇಲೆ ಮಾನಿಟರ್, ನೆಟ್‌ವರ್ಕ್ ವೈರ್ ಎಲ್ಲ ಜೋಡಿಸುವ ಪೆಟ್ಟಿಗೆ) ಕಿತ್ತರೆ ಡಾಕ್‌ನ ನೆಟ್‌ವರ್ಕ್ ಕಾರ್ಡ್ ಪಟ್ಟಿಯಿಂದ ಮಾಯ. ಆಫೀಸಿನ ನೆಟ್‌ವರ್ಕ್‌ಗೆ ಹೊರಗಿನಿಂದ ಸೇರಲು ವಿಪಿಎನ್ ಹಾಕಿದರೆ ಹೊಸ ಕಾರ್ಡೊಂದು ಪಟ್ಟಿಯಲ್ಲಿ ಹುಟ್ಟುತ್ತದೆ. ಮೊದಲು ಸಿಕ್ಕಿದ ಅಡ್ರೆಸ್ ಓದುವ ಕೋಡ್‌ಗೆ ಇದು ಬೇರೆಯದೇ ಕಂಪ್ಯೂಟರ್. ಬೆಳಗ್ಗೆ ಆಫೀಸಿನಲ್ಲಿ ಓಡಿದ್ದು ಸಂಜೆ ಮನೆಯಲ್ಲಿ 'ಲೈಸೆನ್ಸ್ ಇಲ್ಲ' ಅನ್ನುತ್ತದೆ. ಫೋನ್ ಬರುವುದು ನಿಮಗೆ.

ಇನ್ನು ಸರ್ವರ್. ಗೋದಾಮಿನ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇಂಟರ್‌ನೆಟ್ಟೇ ಇರುವುದಿಲ್ಲ, ಅಲ್ವಾ? ಇದ್ದರೂ ನಿಮ್ಮ ಸರ್ವರ್ ಮಲಗಿದ ದಿನ ಅಲ್ಲಿ ಸರಕು ಹೊರಡುವುದಿಲ್ಲ. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲೇ ಎಡವಟ್ಟಾಗಿ, ಕಾಸು ಕೊಟ್ಟು ಕೊಂಡ ವಿಂಡೋಸ್ ಕೂಡ ನಕಲಿ ಅನ್ನಿಸಿಕೊಂಡಿತ್ತು. ಅಷ್ಟು ದೊಡ್ಡವರ ಕಥೆಯೇ ಹೀಗೆ.

ಪ್ರೊಟೆಕ್ಟರ್ ಹೊದಿಸಿದ ಫೈಲ್ ನೋಡಿ ಆಂಟಿವೈರಸ್ ಸುಮ್ಮನಿರುವುದಿಲ್ಲ. ವೈರಸ್ ಬರೆಯುವವರೂ ಅಂಥವನ್ನೇ ಬಳಸುತ್ತಾರೆ. ಇನ್‌ಸ್ಟಾಲ್ ಮಾಡಿದ ತಕ್ಷಣ ಫೈಲ್ ಅಳಿಸಿಹೋಗುತ್ತದೆ. ಕ್ರ್ಯಾಕ್ ಮಾಡುವವನಿಗೆ ಒಂದೆರಡು ರಾತ್ರಿ ಜಾಸ್ತಿ ಕೆಲಸ, ನಿಮಗೆ ವರ್ಷಪೂರ್ತಿ ದೂರು.

ನಾನು ಮಾಡುವುದು ಇಷ್ಟು. ಗಿರಾಕಿಯ ಹೆಸರು, ಆವೃತ್ತಿ, ಎಷ್ಟು ಕಂಪ್ಯೂಟರ್ ಅನ್ನುವುದನ್ನು ಒಂದು ಚಿಕ್ಕ ಫೈಲ್‌ನಲ್ಲಿ ಬರೆದು ಇಡಿ25519 ಅನ್ನುವ ವಿಧಾನದ ಡಿಜಿಟಲ್ ಸಹಿ ಹಾಕುತ್ತೇನೆ. ಸಹಿ ಹಾಕಲು ಬೇಕಾದ ಪ್ರೈವೇಟ್ ಕೀ ನನ್ನ ಹತ್ತಿರವೇ ಇರುತ್ತದೆ. ಪ್ರೋಗ್ರಾಂ ಒಳಗೆ ಇರುವುದು ಸಹಿಯನ್ನು ಪರೀಕ್ಷಿಸಲಷ್ಟೇ ಬರುವ ಪಬ್ಲಿಕ್ ಕೀ ಮಾತ್ರ. ನೆಟ್ ಇಲ್ಲದೆಯೇ ಸಹಿ ಪರೀಕ್ಷೆ ಆಗುತ್ತದೆ, ಕೀಜೆನ್ ಮಾಡುವ ದಾರಿ ಮುಚ್ಚಿಹೋಗುತ್ತದೆ. ಪರೀಕ್ಷೆ ಮಾಡುವ ಜಾಗವನ್ನೇ ಯಾರಾದರೂ ತಿದ್ದಿದರೆ? ತಿದ್ದಲಿ ಬಿಡಿ. ಅವರು ಯಾವತ್ತೂ ಕೊಳ್ಳುವವರಲ್ಲ.

ಒಂದು ಮಾತು: ಆ ಸಹಿಯೇ 64 ಬೈಟ್. ಟೈಪ್ ಮಾಡಬಹುದಾದ ಅಕ್ಷರ, ಅಂಕಿಗಳಾಗಿ (ಬೇಸ್32ನಲ್ಲಿ) ಬರೆದರೆ 103 ಅಕ್ಷರ ಆಗುತ್ತದೆ. ಟೈಪ್ ಮಾಡಿ ಅಂತ ಯಾರಿಗೂ ಹೇಳಬೇಡಿ. ಫೈಲನ್ನೇ ಮೇಲ್ ಮಾಡಿ, ಎಳೆದು ಹಾಕಿಕೊಳ್ಳಲಿ. ಗಿರಾಕಿಯ ಹೆಸರು ಪ್ರೋಗ್ರಾಂನ ವಿಂಡೋ ಮೇಲೆ ಕಾಣುವ ಹಾಗೆ ಮಾಡಿ. ತನ್ನ ಕಂಪನಿ ಹೆಸರಿರುವ ಪ್ರತಿಯನ್ನು ಪಕ್ಕದವರಿಗೆ ಕೊಡಲು ಜನ ಹಿಂಜರಿಯುತ್ತಾರೆ. ನಮಗೆ ನಷ್ಟ ಆಗುವುದು ಆ ಪಕ್ಕದವರಿಂದ, ಕ್ರ್ಯಾಕ್ ಸೈಟ್‌ನಿಂದ ಅಲ್ಲ.

ಬರೀ ಬಳಕೆದಾರ:

ನಾನು ಕೋಡ್ ಬರೆಯುವವನಲ್ಲ, ಕೊಳ್ಳುವವನು. ನಮ್ಮಲ್ಲಿ ಒಂದು ಕಟಿಂಗ್ ಮಷಿನ್‌ಗೆ ಡ್ರಾಯಿಂಗ್ ಕಳಿಸುವ ಸಾಫ್ಟ್‌ವೇರ್ ಇತ್ತು. ಕಂಪನಿ ಬಾಗಿಲು ಹಾಕಿತು, ಆಕ್ಟಿವೇಶನ್ ಸರ್ವರ್ ಕೂಡ ಹೋಯಿತು. ಹಾರ್ಡ್ ಡಿಸ್ಕ್ ಸತ್ತ ಮೇಲೆ ಹೊಸದರಲ್ಲಿ ಆಕ್ಟಿವೇಟ್ ಆಗಲೇ ಇಲ್ಲ. ಬಿಲ್ ಕೈಯಲ್ಲಿ ಹಿಡಿದುಕೊಂಡೇ ಕ್ರ್ಯಾಕ್ ಹುಡುಕಿದೆವು! ನೀವು ನಾಳೆ ಅಂಗಡಿ ಮುಚ್ಚಿದರೂ ನಮ್ಮ ಕೆಲಸ ನಡೆಯಬೇಕು, ಅಷ್ಟು ನೋಡಿಕೊಳ್ಳಿ.

ಗೇಮ್ ಪ್ರಿಯ:

2008ರಲ್ಲಿ ಸ್ಪೋರ್ ಗೇಮ್ ಬಂದಾಗಲೂ ಇದೇ ಆಯಿತು. ಮೂರೇ ಸಲ ಆಕ್ಟಿವೇಶನ್ ಅಂತ ಮಿತಿ ಹಾಕಿದ್ದರು. ಕದ್ದ ಪ್ರತಿ ಬಿಡುಗಡೆಗೂ ಮುಂಚೆ ಓಡಾಡುತ್ತಿತ್ತು. ಸಿಟ್ಟಾದವರು ಅಮೆಜಾನ್‌ನಲ್ಲಿ ಒಂದೊಂದೇ ಸ್ಟಾರ್ ಕೊಟ್ಟರು. ಆಮೇಲೆ ಮಿತಿ ಐದಾಯಿತು.

ಲೇಬಲ್‌ಗಾರ:

ಸರಿ, ಸಹಿ ಫೈಲ್ ದಾರಿಯೇ ಹಿಡಿಯುತ್ತೇನೆ. ಎರಡು ಅನುಮಾನ. ವರ್ಷದ ಲೈಸೆನ್ಸ್ ಇರುವವರು ಗಡಿಯಾರ ಹಿಂದೆ ತಿರುಗಿಸಿದರೆ ಏನು ಮಾಡುವುದು? ಒಬ್ಬರ ಫೈಲ್ ಸೋರಿಹೋದರೆ?

ಸಪೋರ್ಟ್ ಫೋನ್:

ಗಡಿಯಾರ ಹಿಂದೆ ಹೋದರೆ ಕಳ್ಳತನ ಅಂತಲೇ ಅಂದುಕೊಳ್ಳಬೇಡಿ. ಹಳೇ ಕಂಪ್ಯೂಟರ್‌ನಲ್ಲಿ ಮದರ್‌ಬೋರ್ಡ್ ಮೇಲಿನ ಬ್ಯಾಟರಿ ಸತ್ತರೆ ತಾರೀಕು ತಾನಾಗಿಯೇ ಎಷ್ಟೋ ವರ್ಷ ಹಿಂದೆ ಹೋಗುತ್ತದೆ. 'ತಾರೀಕು ಸರಿ ಇದೆಯಾ ನೋಡಿ' ಅಂತ ಒಂದು ಸಾಲು ತೋರಿಸಿ, ಕೆಲಸ ಮುಂದುವರಿಯಲಿ. ಅವಧಿ ಮುಗಿದವರಿಗೂ ಒಂದೆರಡು ವಾರ ಸಡಿಲ ಕೊಡಿ. ಎಷ್ಟೋ ಸಲ ಬಿಲ್ ಇನ್ನೂ ಅವರ ಅಕೌಂಟ್ಸ್ ವಿಭಾಗದಲ್ಲೇ ಕೂತಿರುತ್ತದೆ. ಅದೂ ಮುಗಿದರೆ ಹೊಸ ಲೇಬಲ್ ಮಾಡುವುದನ್ನು ಮಾತ್ರ ನಿಲ್ಲಿಸಿ. ಹಳೇ ಫೈಲ್ ತೆರೆದು ಪ್ರಿಂಟ್ ತೆಗೆಯಲು ಬಿಡಿ, ಅದು ಅವರ ಸ್ವಂತ ಡೇಟಾ.

ಸೋರಿದ ಫೈಲ್‌ನ ಗುರುತನ್ನು ಮುಂದಿನ ಆವೃತ್ತಿಯ ತಡೆಪಟ್ಟಿಗೆ ಸೇರಿಸಿ. ಅದಕ್ಕೆ ಮುಂಚೆ ಫೈಲ್ ಯಾರದೋ ಅವರಿಗೆ ಫೋನ್ ಮಾಡಿ, ಹೊಸ ಫೈಲ್ ಕಳಿಸಿಬಿಡಿ. ಕೆಲಸ ಬಿಟ್ಟುಹೋದ ಯಾರೋ ಹುಡುಗ ಹಾಕಿರಬಹುದು, ಅವರಿಗೆ ಗೊತ್ತೇ ಇರುವುದಿಲ್ಲ.