ಓಲ್ಡ್ ಟ್ರಾಫರ್ಡ್ ಕೆಡವಬೇಕೋ, ಉಳಿಸಬೇಕೋ: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಹಂಚಿಹೋಗಿರುವ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಲಗ್ನ, ಜಾತ್ರೆ ಮತ್ತು ತೊಗರಿಯ ದರ ಬಿಟ್ಟು ಬೇರೆ ವಿಷಯ ಬರುವುದು ಅಪರೂಪ. ಮ್ಯಾಂಚೆಸ್ಟರಿನಲ್ಲಿ ಓದುತ್ತಿರುವ ತಂಗಿ ಪ್ರಿಯಾ ಹಾಕಿದ ಒಂದು ವಿಡಿಯೊದಿಂದ ಶುರುವಾದ ಈ ವಾದವನ್ನು, ನಡುವೆ ಬಂದ ಶುಭೋದಯದ ಚಿತ್ರಗಳನ್ನು ತೆಗೆದು, ಎಲ್ಲರ ಒಪ್ಪಿಗೆಯ ಮೇಲೆ ಇಲ್ಲಿ ಇಟ್ಟಿದ್ದೇನೆ. ಗುಂಪಿನ ಅಡ್ಮಿನ್ ಆಗಿರುವ ಕಾಕಾ ಅವರಿಗೆ ಅರ್ಧಂಬರ್ಧ ವಾಕ್ಯಗಳು ಆಗಿಬರುವುದಿಲ್ಲವಾದ್ದರಿಂದ ಎಲ್ಲರೂ ಅರ್ಜಿ ಬರೆದಂತೆ ಬರೆದಿದ್ದಾರೆ.

ಪ್ರಿಯಾ: ಇದು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬು ತನ್ನ ಈಗಿನ ಮೈದಾನವಾದ ಓಲ್ಡ್ ಟ್ರಾಫರ್ಡಿನ ಬದಲಿಗೆ ಕಟ್ಟಬೇಕೆಂದಿರುವ ಹೊಸ ಕ್ರೀಡಾಂಗಣದ ಮಾದರಿ. 2025ರ ಮಾರ್ಚ್ 11ರಂದು ಇದನ್ನು ಪ್ರಕಟಿಸಿದರು. ಒಂದು ಲಕ್ಷ ಆಸನಗಳು, ಮೂರು ಎತ್ತರದ ಕಂಬಗಳ ಮೇಲೆ ಕೊಡೆಯಂತೆ ಹರಡಿಕೊಂಡ ಚಾವಣಿ, ಅಂದಾಜು ವೆಚ್ಚ 200 ಕೋಟಿ ಪೌಂಡ್. ವಿನ್ಯಾಸ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. ಶಿವಣ್ಣ ಇದನ್ನು ನೋಡಿ ಕುಣಿದಾಡುತ್ತಾನೆ ಎಂದು ಗೊತ್ತಿದ್ದೇ ಹಾಕಿದ್ದೇನೆ.

ನಾನು: ಕುಣಿಯಲು ಕಾರಣವಿದೆ. ಈಗಿರುವ ಓಲ್ಡ್ ಟ್ರಾಫರ್ಡ್ 1910ರಲ್ಲಿ ತೆರೆದದ್ದು. 2024ರ ಮೇ ತಿಂಗಳಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯದ ದಿನ ಮಳೆ ಹೊಯ್ದಾಗ ಚಾವಣಿಯ ಮೂಲೆಯಿಂದ ನೀರು ಧಾರಾಕಾರವಾಗಿ ಗ್ಯಾಲರಿಯ ಮೇಲೆ ಬಿದ್ದದ್ದನ್ನು ಲೋಕವೆಲ್ಲ ನೋಡಿ ನಕ್ಕಿತು. ಇಂಗ್ಲೆಂಡಿನ ಅತಿ ದೊಡ್ಡ ಕ್ಲಬ್ಬೊಂದರ ಅಭಿಮಾನಿ ಬಕೆಟ್ ಹಿಡಿದು ಕೂರುವ ಸ್ಥಿತಿ ಬರಬಾರದು.

ಕಾಕಾ: ಶಿವಶರಣ, ಚಾವಣಿ ಸೋರಿದರೆ ಚಾವಣಿಯನ್ನು ದುರಸ್ತಿ ಮಾಡಿಸಬೇಕು, ಅದಕ್ಕಾಗಿ ಯಾರೂ ಮನೆಯನ್ನೇ ಬಿಚ್ಚುವುದಿಲ್ಲ. ನಾನು ಓದಿದ ಮಟ್ಟಿಗೆ, 1941ರ ಮಾರ್ಚ್‌ನಲ್ಲಿ ಜರ್ಮನಿಯ ಬಾಂಬುಗಳು ಬಿದ್ದು ಆ ಮೈದಾನ ಹಾಳಾಗಿತ್ತು, ತಂಡ 1949ರವರೆಗೆ ಪಕ್ಕದ ಎದುರಾಳಿ ಕ್ಲಬ್ಬಿನ ಮೇನ್ ರೋಡ್ ಮೈದಾನದಲ್ಲಿ ಆಡಿತು, ಆಮೇಲೆ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡರು. ಯುದ್ಧ ಮುಗಿದು ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಸಾಧ್ಯವಾದದ್ದು ಈಗ ಏಕೆ ಸಾಧ್ಯವಿಲ್ಲ?

ಮಹೇಶಣ್ಣ: ಕಾಕಾ ಹೇಳುವುದು ಸರಿ. ನಮ್ಮ ಲಿವರ್‌ಪೂಲ್ ಕ್ಲಬ್ಬೂ ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸದನ್ನು ಕಟ್ಟುವ ಯೋಜನೆ ಹಾಕಿತ್ತು. ಕೊನೆಗೆ ಅದನ್ನು ಕೈಬಿಟ್ಟು ತನ್ನ ಹಳೆಯ ಮೈದಾನವಾದ ಆನ್‌ಫೀಲ್ಡನ್ನೇ ಬೆಳೆಸಿತು. 2016ರಲ್ಲಿ ಮುಖ್ಯ ಸ್ಟ್ಯಾಂಡ್ ದೊಡ್ಡದಾಯಿತು, ಆಮೇಲೆ ಆನ್‌ಫೀಲ್ಡ್ ರೋಡ್ ಬದಿಯ ಸ್ಟ್ಯಾಂಡ್. ಈಗ 61 ಸಾವಿರ ಜನ ಕೂಡುತ್ತಾರೆ. ಇಷ್ಟೆಲ್ಲ ನಡೆದಾಗಲೂ ತಂಡ ಊರು ಬಿಟ್ಟು ಆಡಲಿಲ್ಲ.

ನಾನು: ಅಣ್ಣಾ, ನಿಮ್ಮ ಮುಖ್ಯ ಸ್ಟ್ಯಾಂಡಿನ ಹಿಂದೆ ಮನೆಗಳಿದ್ದವು, ಅವನ್ನು ಕೊಂಡು ತೆರವು ಮಾಡಿದರು. ಓಲ್ಡ್ ಟ್ರಾಫರ್ಡಿನ ದಕ್ಷಿಣದ ಸ್ಟ್ಯಾಂಡಿಗೆ, ಅಂದರೆ ಸರ್ ಬಾಬಿ ಚಾರ್ಲ್ಟನ್ ಸ್ಟ್ಯಾಂಡಿಗೆ, ರೈಲ್ವೆ ಹಳಿ ಅಂಟಿಕೊಂಡೇ ಇದೆ. ಉಳಿದ ಮೂರು ಕಡೆ ಅಂತಸ್ತಿನ ಮೇಲೆ ಅಂತಸ್ತು ಏರಿದರೂ ಅದೊಂದು ಕಡೆ ಕುಳ್ಳಗೆ ಉಳಿದಿರುವುದು ಅದಕ್ಕೇ. ಆ ಸ್ಟ್ಯಾಂಡನ್ನು ಎತ್ತರಿಸಬೇಕಾದರೆ ಹಳಿಯ ಮೇಲೆಯೇ ಕಟ್ಟಬೇಕು. ಜೊತೆಗೆ, ಕಾಮಗಾರಿ ನಡೆಯುವಷ್ಟು ವರ್ಷ ತಂಡ ಎಲ್ಲಿ ಆಡಬೇಕು? ಬಾರ್ಸಿಲೋನಾ ಕ್ಲಬ್ಬು ಕ್ಯಾಂಪ್ ನೌ ನವೀಕರಣಕ್ಕೆಂದು 2023ರಲ್ಲಿ ಮೊಂಜುಯಿಕ್ ಬೆಟ್ಟದ ಕ್ರೀಡಾಂಗಣಕ್ಕೆ ಹೋದದ್ದು, ಮರಳಲು 2025ರ ನವೆಂಬರ್ ಆಯಿತು. ಪಕ್ಕದ ಜಾಗದಲ್ಲಿ ಹೊಸದನ್ನು ಕಟ್ಟಿದರೆ ಹಳೆಯದರಲ್ಲಿ ಪಂದ್ಯಗಳು ನಡೆಯುತ್ತಲೇ ಇರುತ್ತವೆ.

ಕಾಕಾ: ಈ ಮಾತಿಗೆ ತೂಕವಿದೆ. ಆದರೆ ಐದು ವರ್ಷದಲ್ಲಿ ಮುಗಿಸುತ್ತೇವೆ ಎನ್ನುವುದನ್ನು ನೋಡಿ ನನಗೆ ನಗು ಬಂತು. ಹತ್ತು ವರ್ಷದ ಕೆಲಸ ಐದಕ್ಕೆ ಇಳಿಯಲು, 160 ದೊಡ್ಡ ತುಂಡುಗಳನ್ನು ಬೇರೆಡೆ ತಯಾರಿಸಿ ಮ್ಯಾಂಚೆಸ್ಟರ್ ಹಡಗು ಕಾಲುವೆಯಲ್ಲಿ ತಂದು ಜೋಡಿಸುತ್ತಾರಂತೆ. ತಂತ್ರದಲ್ಲಿ ದೋಷವಿಲ್ಲ, ಪ್ರೀಕಾಸ್ಟ್ ಕೆಲಸದಲ್ಲಿ ಸಮಯ ಉಳಿಯುವುದು ನಿಜ. ಆದರೆ ಪಕ್ಕದ ರೈಲ್ವೆ ಸರಕು ನಿಲ್ದಾಣದ ಜಾಗ ಇವರ ಕೈಗೆ ಬರಬೇಕಲ್ಲ. ಜಾಗದ ಕಾಗದಪತ್ರ ಕೈಗೆ ಬಾರದೆ ಉದ್ಘಾಟನೆಯ ವರ್ಷ ಹೇಳುವವರನ್ನು ನಾನು ಸೇವೆಯಲ್ಲಿದ್ದಷ್ಟು ಕಾಲ ನೋಡಿದ್ದೇನೆ.

ಇನ್ನು ಆ ಕೊಡೆ. ನಮ್ಮ ಕಲಬುರಗಿ ಕೋಟೆಯ ಜಾಮಾ ಮಸೀದಿ 1367ರದು. ಬೇರೆಡೆ ಬಿಡುವಂತೆ ಬಯಲು ಅಂಗಳ ಬಿಡದೆ ಇಡೀ ನೆಲವನ್ನು ಗುಮ್ಮಟಗಳ ಅಡಿಗೆ ತಂದಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಕಾಲಿಟ್ಟವನಿಗೆ ಅದರ ಬೆಲೆ ತಿಳಿಯುತ್ತದೆ. ಅಲ್ಲಿ ನೆರಳು ಬಿದ್ದಿರುವುದು ಒಳಗೆ ಕೂಡುವವರ ಮೇಲೆ. ಈ ಮ್ಯಾಂಚೆಸ್ಟರ್ ಕೊಡೆಯಾದರೋ ಕ್ರೀಡಾಂಗಣವನ್ನು ದಾಟಿ, ಟ್ರಫಾಲ್ಗರ್ ಚೌಕದ ಎರಡು ಪಟ್ಟು ದೊಡ್ಡದೆಂದು ಅವರೇ ಹೇಳುವ ಹೊರಗಿನ ಬಯಲಿಗೂ ನೆರಳು ಕೊಡಲು ಹೊರಟಿದೆ. ಪಂದ್ಯ ನೋಡಲು ಬಂದವನಿಗೆ ಆ ಬಯಲಿನ ಚಾವಣಿಯಿಂದ ಏನು ಉಪಯೋಗ?

ಪ್ರಿಯಾ: ಕಾಕಾ, ಮಳೆನೀರು ಹಿಡಿಯುವುದು, ಬಿಸಿಲಿನಿಂದ ವಿದ್ಯುತ್ ಪಡೆಯುವುದು, ಎರಡನ್ನೂ ಅದೇ ಚಾವಣಿ ಮಾಡುತ್ತದೆ ಎಂದು ಹೇಳಿದ್ದಾರೆ.

ಕಾಕಾ: ಮಳೆನೀರನ್ನು ಈಗಿನ ಚಾವಣಿಯೂ ಒಳಗೆ ಹಿಡಿಯುತ್ತಿದೆ.

(ಇಲ್ಲಿ ಮಹೇಶಣ್ಣ ಹಾಕಿದ ನಗುವಿನ ಚಿತ್ರಗಳನ್ನು ನಿಯಮದಂತೆ ಅಳಿಸಲಾಯಿತು. ವಾದ ಗಂಭೀರವಾದದ್ದು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿ ಬೀದರಿನಲ್ಲಿರುವ ಅತ್ತಿ ಬಾಯಿ ತೆರೆದ ಮೇಲೆ. ಅಲ್ಲಿಯವರೆಗೆ ನಾನೂ ಕಾಕಾ ಅವರೂ ಕಟ್ಟಡದ ಸುತ್ತಲೇ ತಿರುಗುತ್ತಿದ್ದೆವು.)

ಅತ್ತಿ: ನೀವೆಲ್ಲ ಕಂಬ, ಚಾವಣಿ ಎಂದು ಮಾತಾಡುತ್ತಿದ್ದೀರಿ. 200 ಕೋಟಿ ಪೌಂಡ್ ಎಂದರೆ ನಮ್ಮ ಲೆಕ್ಕದಲ್ಲಿ 20 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಇದನ್ನು ಕೊಡುವವರು ಯಾರು? ಸುತ್ತಲಿನ ಪ್ರದೇಶದ ಅಭಿವೃದ್ಧಿಗೆ, ಅಂದರೆ 17 ಸಾವಿರ ಮನೆ, 92 ಸಾವಿರ ಉದ್ಯೋಗ ಎಂದು ಹೇಳಿಕೊಳ್ಳುತ್ತಿರುವ ಭಾಗಕ್ಕೆ ಸರಕಾರದ ಬೆಂಬಲವಿರಬಹುದು. ಕ್ರೀಡಾಂಗಣದ ಹಣ ಕ್ಲಬ್ಬಿನದೇ ಆಗಬೇಕು. ಆ ಕ್ಲಬ್ಬಾದರೋ ಈಗಾಗಲೇ ಸಾಲದಲ್ಲಿದೆ. 2005ರಲ್ಲಿ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ಬನ್ನು ಕೊಂಡು, ಆ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಬ್ಯಾಂಕಿನಲ್ಲಿ ಕುಳಿತು ಇಂಥ ಕಡತ ನೋಡಿದವಳಿಗೆ ಮುಂದಿನದು ಗೊತ್ತಾಗುತ್ತದೆ: ಬಡ್ಡಿ ಕಟ್ಟುವವನು ಕೊನೆಗೆ ಟಿಕೆಟ್ ಕೊಳ್ಳುವವನೇ. 2024ರ ಕೊನೆಯಲ್ಲಿ ಋತುವಿನ ನಡುವೆಯೇ, ಇನ್ನೂ ಮಾರಾಟವಾಗದೆ ಉಳಿದಿದ್ದ ಟಿಕೆಟ್ಟುಗಳ ದರವನ್ನು 66 ಪೌಂಡಿಗೆ ಏರಿಸಿ, ಮಕ್ಕಳಿಗೂ ವೃದ್ಧರಿಗೂ ಇದ್ದ ರಿಯಾಯಿತಿಯನ್ನು ತೆಗೆದರಲ್ಲ, ಅದು ಹೊಸ ಕಟ್ಟಡದ ಒಂದು ಇಟ್ಟಿಗೆಯನ್ನೂ ಇಡುವ ಮೊದಲು. ಒಂದು ಲಕ್ಷ ಆಸನ ಹಾಕಿದರೆ ಸಾಲದು, ಶಿವಶರಣ. ಅದರಲ್ಲಿ ಎಷ್ಟು ಆಸನಗಳು ಕಂಪನಿಗಳ ಅತಿಥಿಗಳಿಗೆ, ಎಷ್ಟು ಸಂಬಳದ ಮೇಲೆ ಬದುಕುವವರಿಗೆ ಎನ್ನುವ ಪಟ್ಟಿ ಆ ವಿಡಿಯೊದಲ್ಲಿ ಎಲ್ಲಿದೆ?

ಮಹೇಶಣ್ಣ: ಅತ್ತಿ, ಇದಕ್ಕೆ ನಮ್ಮಲ್ಲಿ ಉದಾಹರಣೆಯಿದೆ. ಆನ್‌ಫೀಲ್ಡಿನ ಹೊಸ ಮುಖ್ಯ ಸ್ಟ್ಯಾಂಡ್ ತೆರೆಯುವ ಮೊದಲೇ ಅಲ್ಲಿನ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದು ಘೋಷಿಸಿದರು. 2016ರ ಫೆಬ್ರುವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದಲ್ಲಿ, ಸರಿಯಾಗಿ 77ನೇ ನಿಮಿಷಕ್ಕೆ, ಸಾವಿರಾರು ಜನ ಎದ್ದು ಹೊರಗೆ ನಡೆದರು. ಎರಡು ಗೋಲುಗಳಿಂದ ಮುಂದಿದ್ದ ನಮ್ಮ ತಂಡ ಆ ಖಾಲಿ ಗ್ಯಾಲರಿಯ ಮುಂದೆ ಎರಡು ಗೋಲು ಬಿಟ್ಟುಕೊಟ್ಟು ಸಮ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಗರಿಷ್ಠ ದರವನ್ನು 59 ಪೌಂಡಿನಲ್ಲೇ ನಿಲ್ಲಿಸಿದರು.

ಅತ್ತಿ: ಆ ಜನರಿಗೆ ನನ್ನ ನಮಸ್ಕಾರ ತಿಳಿಸು.

ಪ್ರಿಯಾ: ನಾನು ಒಂದು ಸಲ ಒಳಗೆ ಹೋಗಿದ್ದೆ, ಅದೂ ಗೆಳತಿಯ ಮನೆಯವರ ಟಿಕೆಟ್ಟಿನಲ್ಲಿ. ಆಸನಗಳ ಸಾಲು ಎಷ್ಟು ಇಕ್ಕಟ್ಟೆಂದರೆ, ನಮ್ಮ ಮಹೇಶಣ್ಣನಂಥ ಎತ್ತರದವನು ಮೊಣಕಾಲನ್ನು ಅಡ್ಡ ತಿರುಗಿಸಿಯೇ ಕೂಡಬೇಕು. ನನ್ನ ಪಕ್ಕದ ಅಜ್ಜಿ ಸೀಸನ್ ಟಿಕೆಟ್ಟಿನವರು. ಮುಂದಿನ ಸಾಲಿನ ಟೊಪ್ಪಿಗೆಯವರು ಯಾರು, ಅವರ ಅಪ್ಪ ಯಾವ ಆಸನದಲ್ಲಿ ಕೂಡುತ್ತಿದ್ದರು, ಈ ಸಲ ಬಾರದವರಿಗೆ ಏನಾಗಿದೆ ಎಂಬುದನ್ನೆಲ್ಲ ಆಟದಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು. ಹೊಸದರ ಬಗ್ಗೆ ಕೇಳಿದ್ದಕ್ಕೆ, ಮೊಣಕಾಲಿಗೆ ಜಾಗ ಸಿಕ್ಕರೆ ಸಂತೋಷವೇ, ಆದರೆ ಈ ಸಾಲಿನ ಜನರನ್ನು ಬೇರೆ ಬೇರೆ ಮೂಲೆಗೆ ಎಸೆದರೆ ತಾವು ಮನೆಯಲ್ಲೇ ಟಿವಿ ನೋಡುವುದಾಗಿ ಹೇಳಿದರು.

ನಾನು: ಈಗ ನನ್ನ ವಾದವನ್ನು ಸರಿಯಾಗಿ ಇಡುತ್ತೇನೆ. ನನಗೆ ಹೊಸ ಕ್ರೀಡಾಂಗಣ ಬೇಕು. ಕೊಡೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಬೇಕಾದದ್ದು ಗೋಲಿನ ಹಿಂದೆ ಒಂದೇ ಇಳಿಜಾರಿನ ಒಂದು ದೊಡ್ಡ ಸ್ಟ್ಯಾಂಡ್. ಟಾಟ್ನ್‌ಹ್ಯಾಮ್ ಕ್ಲಬ್ಬಿನವರು 2019ರಲ್ಲಿ ತೆರೆದ ಹೊಸ ಕ್ರೀಡಾಂಗಣದ ದಕ್ಷಿಣ ಸ್ಟ್ಯಾಂಡಿನಲ್ಲಿ 17,500 ಜನ ನಡುವೆ ಅಂತಸ್ತಿಲ್ಲದೆ ಒಟ್ಟಿಗೆ ಕೂಡುತ್ತಾರೆ. ಜರ್ಮನಿಯ ಡಾರ್ಟ್‌ಮಂಡಿನಲ್ಲಿ ಅಂಥದೇ ಸ್ಟ್ಯಾಂಡಿನಲ್ಲಿ ಸುಮಾರು 25 ಸಾವಿರ ಜನ ನಿಂತೇ ನೋಡುತ್ತಾರೆ, ಅದೂ ಅಗ್ಗದ ಟಿಕೆಟ್ಟಿನಲ್ಲಿ. ಇಂಗ್ಲೆಂಡಿನಲ್ಲಿ 1989ರಲ್ಲಿ ಹಿಲ್ಸ್‌ಬರೊ ಮೈದಾನದ ನಿಲ್ಲುವ ಗ್ಯಾಲರಿಯಲ್ಲಿ ನೂಕುನುಗ್ಗಲಾಗಿ 97 ಜನ ಸತ್ತ ಮೇಲೆ ದೊಡ್ಡ ಕ್ಲಬ್ಬುಗಳಲ್ಲಿ ನಿಲ್ಲುವ ಗ್ಯಾಲರಿಗಳನ್ನು ಮುಚ್ಚಿದರು. ಸಾಲು ಸಾಲಿಗೆ ಕಂಬಿ ಹಾಕಿ ಸುರಕ್ಷಿತವಾಗಿ ನಿಲ್ಲುವ ವ್ಯವಸ್ಥೆಗೆ 2022ರಿಂದ ಮತ್ತೆ ಅವಕಾಶ ಸಿಕ್ಕಿದೆ. ಹಳೆಯ ಕಟ್ಟಡದಲ್ಲಿ ಇಂಥದನ್ನು ತುಂಡು ತುಂಡಾಗಿ ತುರುಕಬೇಕಾಗುತ್ತದೆ, ಹೊಸದರಲ್ಲಿ ಅಡಿಪಾಯದಿಂದಲೇ ಯೋಜಿಸಬಹುದು. ಅತ್ತಿ ಕೇಳಿದ ಪಟ್ಟಿಯನ್ನು, ಅಂದರೆ ಅಗ್ಗದ ಟಿಕೆಟ್ಟು ಎಷ್ಟು, ಹಳೆಯ ಸಾಲಿನವರನ್ನು ಒಟ್ಟಿಗೆ ಕೂಡಿಸುವ ಕ್ರಮ ಯಾವುದು ಎನ್ನುವುದನ್ನು, ಬುನಾದಿ ತೋಡುವ ಮೊದಲೇ ಅಭಿಮಾನಿಗಳು ಲಿಖಿತವಾಗಿ ಪಡೆಯಬೇಕು. ಕಟ್ಟಿ ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಕಾಕಾ: ಇಷ್ಟಾದರೆ ನನ್ನ ತಕರಾರು ಅರ್ಧ ಇಳಿಯಿತು. ಉಳಿದರ್ಧ ಹಳೆಯ ಮೈದಾನದ್ದು. ಎವರ್ಟನ್ ಕ್ಲಬ್ಬು 2025ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹೋದರೂ, 1892ರಿಂದ ಆಡಿದ ಗುಡಿಸನ್ ಪಾರ್ಕನ್ನು ಕೆಡವದೆ ಮಹಿಳಾ ತಂಡಕ್ಕೆ ಕೊಟ್ಟಿತು ಎಂದು ಮಹೇಶನೇ ನನಗೆ ಹೇಳಿದ್ದ. ಓಲ್ಡ್ ಟ್ರಾಫರ್ಡಿನಲ್ಲಿ, ಈ ತಂಡದ ಆಟಗಾರರು ಸತ್ತ 1958ರ ಮ್ಯೂನಿಕ್ ವಿಮಾನ ಅಪಘಾತದ ನೆನಪಿನ ಗಡಿಯಾರವಿದೆ, ಆ ಹೆಸರಿನದೇ ಸುರಂಗದ ದಾರಿಯಿದೆ. ಗಡಿಯಾರವನ್ನು ಬಿಚ್ಚಿ ಹೊಸ ಗೋಡೆಗೆ ಹಾಕಬಹುದು. ಸುರಂಗವನ್ನು ಹೇಗೆ ಒಯ್ಯುತ್ತಾರೆ?

ಮಹೇಶಣ್ಣ: ಹೆಸರನ್ನಾದರೂ ಒಯ್ಯುತ್ತಾರೋ ಇಲ್ಲವೋ ನೋಡಿ. ಎವರ್ಟನ್‌ನ ಹೊಸ ಕ್ರೀಡಾಂಗಣಕ್ಕೆ ಒಂದು ವಕೀಲರ ಸಂಸ್ಥೆಯ ಹೆಸರಿದೆ, ಆರ್ಸೆನಲ್‌ನದಕ್ಕೆ ವಿಮಾನ ಕಂಪನಿಯದು.

ಅತ್ತಿ: ಹೆಸರು ಮಾರಿದ ಹಣವನ್ನು ಟಿಕೆಟ್ ದರ ಇಳಿಸಲು ಬಳಸುವುದಾಗಿ ಒಪ್ಪಂದದಲ್ಲಿ ಬರೆದರೆ ಮಾರಲಿ. ಫಲಕ ಯಾರದಾದರೇನು, ಮೊಮ್ಮಗನನ್ನು ಕರೆದುಕೊಂಡು ಹೋಗಲು ಆಗಬೇಕು.

ನಾನು: ಅತ್ತಿ, ಉಳಿದೆಲ್ಲ ಒಪ್ಪಿದೆ, ಇದೊಂದನ್ನು ಒಪ್ಪಲಾರೆ. ನ್ಯೂಕಾಸಲ್ ಕ್ಲಬ್ಬಿನ ಮಾಲೀಕರು 2011ರಲ್ಲಿ ಸೇಂಟ್ ಜೇಮ್ಸ್ ಪಾರ್ಕಿನ ಹೆಸರು ತೆಗೆದು ತಮ್ಮ ಅಂಗಡಿಯ ಹೆಸರಿಟ್ಟರು. ಊರಿನವರು ಅದನ್ನು ಬಾಯಲ್ಲಿ ಹೇಳಲೇ ಇಲ್ಲ, ಮರುವರ್ಷವೇ ಹಳೆಯ ಹೆಸರು ಮರಳಿತು.

ಅತ್ತಿ: ಹೇಳದಿದ್ದರೆ ಇನ್ನೂ ಒಳ್ಳೆಯದಾಯಿತಲ್ಲ. ಕಂಪನಿಯ ಹಣ ತೆಗೆದುಕೊಂಡು, ಬಾಯಲ್ಲಿ ಓಲ್ಡ್ ಟ್ರಾಫರ್ಡ್ ಎಂದೇ ಕರೆಯಿರಿ.